ಕಿವಿ ಮುಟ್ಟದ ಕೈ

ಮೂರನೆಯ ವರ್ಷವೂ ಪಾಯಿನಿಯ ಬೆರಳು ಕಿವಿ ಮುಟ್ಟಲಿಲ್ಲ.

ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಹಿಡಿಯಬೇಕು. ಹಿಡಿದರೆ ಏಳು ತುಂಬಿದೆ ಎಂದು ಲೆಕ್ಕ, ಶಾಲೆಗೆ ಸೇರಿಸಿಕೊಳ್ಳುತ್ತಾರೆ. ಹಿಡಿಯದಿದ್ದರೆ ಮುಂದಿನ ವರ್ಷ ಬಾ ಎನ್ನುತ್ತಾರೆ. ಡಚ್ಚರ ಕಾಲದ ಅಳತೆ ಅದು. ಡಚ್ಚರು ಹಡಗು ಹತ್ತಿ ಮೂರು ವರ್ಷವಾಗುತ್ತ ಬಂದಿತ್ತು. ಅಳತೆ ಹಡಗು ಹತ್ತಿರಲಿಲ್ಲ.

"ಕತ್ತು ಬಗ್ಗಿಸಬೇಡ," ಎಂದರು ಪಾಕ್ ಗುರು ಹಾರ್ಜೊ. ಆ ಶಾಲೆಯ ದೊಡ್ಡ ಮೇಷ್ಟ್ರು ಅವರು. ಅಡಿಕೋಲಿನ ತುದಿಯಿಂದ ಹುಡುಗಿಯ ಗದ್ದ ಎತ್ತಿದರು. "ನೆಟ್ಟಗೆ ನಿಲ್ಲು. ಮೋಸ ಮಾಡ್ತೀಯಾ?"

ಪಾಯಿನಿ ನೆಟ್ಟಗೆ ನಿಂತಳು. ಬೆರಳು ಕಿವಿಯ ಮೇಲಿನ ಕೂದಲವರೆಗೆ ಬಂದು ನಿಂತಿತು. ಇನ್ನೂ ಒಂದು ಬೆರಳಗಲ ಉಳಿದಿತ್ತು. ಹುಡುಗಿ ಉಸಿರು ಬಿಗಿಹಿಡಿದು ಎಳೆದಳು. ಭುಜದ ಮೂಳೆ ಚರ್ಮದಡಿ ಉಬ್ಬಿತು. ಮುಖ ಕೆಂಪಾಯಿತು.

"ಸಾಕು ಬಿಡು."

ತಾಯಿ ಲೆಗಿಯಾ ಮೇಜಿನ ಮುಂದೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದಳು. ಅಂಗಳದ ತುಂಬ ತಾಯಂದಿರು ಹಾಗೇ ಕೂತಿದ್ದರು. ಓದುಬರಹ ಬಲ್ಲ ದೊಡ್ಡವರ ಎದುರಿಗೆ ಅಂಥವರು ನಿಲ್ಲುವ ಹಾಗಿಲ್ಲ. ಲೆಗಿಯಾ ಎರಡೂ ಅಂಗೈ ಜೋಡಿಸಿ ಮೂಗಿನವರೆಗೆ ಎತ್ತಿದಳು. ದೊಡ್ಡವರ ಮುಂದೆ ಆಡುವ ಮಾತು ಬೇರೆ, ಮನೆಯಲ್ಲಿ ಆಡುವ ಮಾತು ಬೇರೆ. ದೊಡ್ಡವರ ಮಾತು ಅವಳಿಗೆ ಸ್ವಲ್ಪವೇ ಬರುತ್ತಿತ್ತು. ಇದ್ದಷ್ಟನ್ನು ಒಟ್ಟುಮಾಡಿಕೊಂಡಳು.

"ತಾವು ಕೋಪ ಮಾಡ್ಕೋಬಾರ್ದು ಪಾಕ್ ಗುರು. ಇವಳಿಗೆ ಎಂಟು ತುಂಬೈತೆ."

"ಯಾರು ಹೇಳಿದ್ದು?"

"ನಾನೇ. ಹೆತ್ತೋಳು ನಾನೇ ಅಲ್ವರಾ."

"ಇಲ್ಲಿ ಕೂತಿರೋರೆಲ್ಲ ಹೆತ್ತೋರೇ. ಬಾಯಿ ಸುಳ್ಳು ಹೇಳುತ್ತೆ. ಕೈ ಹೇಳಲ್ಲ. ಮುಂದಿನವರು."

ಮುಂದಿನವಳು ಹೊಗೆಸೊಪ್ಪಿನ ತೋಟದ ಆಫೀಸಿನ ಗುಮಾಸ್ತನ ಹೆಂಡತಿ. ಕೊಡೆ ಹಿಡಿದು ಬಂದಳು. ಕುಕ್ಕರಿಸಲಿಲ್ಲ. ಅವಳ ಮಗನಿಗೆ ಹಾಲುಹಲ್ಲು ಒಂದೂ ಬಿದ್ದಿರಲಿಲ್ಲ. ಕೈಚೀಲದಿಂದ ಮಡಿಸಿದ ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಪಾಕ್ ಗುರು ಬಿಡಿಸಿ ಓದಿದರು.

"ಆರಕ್ಕೂ ಎರಡು ತಿಂಗಳು ಕಡಿಮೆ ಆಯ್ತಲ್ಲಮ್ಮ," ಎಂದು ನಕ್ಕರು. "ಇರಲಿ. ಚುರುಕಾಗಿದ್ದಾನೆ."

ಹೆಸರು ಬರೆದರು. ಹುಡುಗ ಕೈ ಎತ್ತಲಿಲ್ಲ. ಕಾಗದ ಇದ್ದವರು ಕೈ ಎತ್ತಬೇಕಾಗಿಲ್ಲ.

ಹುಟ್ಟಿದ ಕಾಗದವನ್ನು ಡಚ್ಚರ ಕಾಲದಲ್ಲಿ ಬರೆಯುತ್ತಿದ್ದದ್ದು ಬಿಳಿಯರಿಗೆ, ಅರಮನೆ ಕಡೆಯವರಿಗೆ, ಸಂಬಳದವರಿಗೆ. ಕಲ್ಲು ಒಡೆಯುವವರು ಹುಟ್ಟಿದ್ದನ್ನು ಯಾರೂ ಬರೆಯಲಿಲ್ಲ. ಸತ್ತಿದ್ದನ್ನೂ ಬರೆಯಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಹೊಸ ಬಾವುಟ ಏರಿತು. ಕಾಗದದ ಕಪಾಟು ಹಳೆಯದೇ ಉಳಿಯಿತು.

ಅಂಗಳ ದಾಟುವವರೆಗೂ ಪಾಯಿನಿ ತಲೆಯ ಮೇಲಿನ ಕೈ ಇಳಿಸಲಿಲ್ಲ. ಇನ್ನೂ ಎಳೆಯುತ್ತಲೇ ಇದ್ದಳು.

ಹೊಳೆಯಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಬೆಂಕಿ ಕಾರುವ ಮೆರಾಪಿ ಬೆಟ್ಟ ಉಗುಳಿದ ಕಪ್ಪು ಕಲ್ಲು ಮಳೆಗಾಲದಲ್ಲಿ ಉರುಳಿ ಬಂದು ಆ ಹೊಳೆಯಲ್ಲಿ ಬಿದ್ದಿರುತ್ತದೆ. ಅದನ್ನು ದಡಕ್ಕೆ ಹೊತ್ತು, ಸುತ್ತಿಗೆಯಿಂದ ಒಡೆದು, ರಸ್ತೆಗೆ ಜಲ್ಲಿ ಮಾಡುವುದು ಹೆಂಗಸರ ಕೆಲಸ. ಲೆಗಿಯಾ ಇಪ್ಪತ್ತೈದು ವರ್ಷದಿಂದ ಮಾಡುತ್ತಿದ್ದಳು. ಕಲ್ಲು ಹಿಡಿಯುವ ಎಡಗೈಯಲ್ಲಿ ಎರಡು ಉಗುರು ಇರಲಿಲ್ಲ.

ಪಕ್ಕದ ಗುಡಿಸಲ ತುಕಿಯೆಮ್ ಜೊತೆಗಿದ್ದಳು.

"ಈ ವರ್ಸಾನೂ ಇಲ್ವಾ?"

"ಇಲ್ಲ."

"ಅಲ್ಲ ಕಣಕ್ಕ, ಕೈ ಉದ್ದ ಇದ್ರೆ ಬುದ್ಧಿ ಬತ್ತದೆ ಅಂದ್ರೆ ನಮ್ಮತ್ತೇನ ಕಳಿಸೋಣ. ಅವಳ ಕೈ ಮೂರು ಮನೆ ಆಚೆ ಇರೋ ಗಡಿಗೇನೂ ಮುಟ್ತದೆ."

ಲೆಗಿಯಾ ನಗಲಿಲ್ಲ. ಸುತ್ತಿಗೆ ಎತ್ತಿ ಹೊಡೆದಳು.

"ಜಪಾನರ ಕಾಲದ ಕೂಸು," ಎಂದಳು ತುಕಿಯೆಮ್, ಮೆಲ್ಲಗೆ. "ನೀನು ಬಾಳೆ ಬೇರು ಬೇಯಿಸಿ ತಿಂದು ಹಾಲು ಕೊಟ್ಟೆ. ಕೈ ಎಲ್ಲಿಂದ ಬೆಳೆದಾತು?"

ಪಾಯಿನಿ ಹೊಟ್ಟೆಯಲ್ಲಿದ್ದಾಗ ಅವಳ ಅಪ್ಪನನ್ನು ಜಪಾನಿಯರು ರೈಲುಹಾದಿ ಹಾಕಲು ಎಳೆದೊಯ್ದರು. ಅವನು ಬರಲಿಲ್ಲ. ಆ ವರ್ಷ ಊರಿನವರು ಗೋಣಿಚೀಲ ಉಟ್ಟಿದ್ದರು. ಪಾಯಿನಿಯ ಜೊತೆ ಹುಟ್ಟಿದ ಹನ್ನೊಂದು ಕೂಸುಗಳಲ್ಲಿ ಉಳಿದದ್ದು ಮೂರು. ಮೂರಕ್ಕೂ ತಲೆ ದೊಡ್ಡದು, ಕೈಕಾಲು ಕಡ್ಡಿ.

ಹಸಿವು ತಿಂದದ್ದನ್ನು ಶಾಲೆ ಅಳೆಯುತ್ತಿತ್ತು. ಅಳೆದು, ಸಾಲದು ಎನ್ನುತ್ತಿತ್ತು.

ಸಂಜೆ ಮೇಸ್ತ್ರಿ ಸರಿಮಾನ್ ಬಂದ. ಹೊಗೆಸೊಪ್ಪಿನ ತೋಟದ ಮೇಸ್ತ್ರಿ. ದೇಶ ಕೈಬಿಟ್ಟರೂ ತೋಟ ಡಚ್ಚರ ಕೈಯಲ್ಲೇ ಇತ್ತು. ಗುಡಿಸಲುಗಳು ನಿಂತಿದ್ದ ನೆಲವೂ ತೋಟದ್ದೇ.

"ಇನ್ನು ಮೂರು ವಾರಕ್ಕೆ ಸೊಪ್ಪು ಕೀಳೋದು ಶುರು. ಒಣಗಿಸೋ ಷೆಡ್ಡಿಗೆ ಮನೆಗೊಂದು ಕೈ ಬೇಕು. ಮಗಳನ್ನ ಕಳಿಸು."

"ಅದು ಮಗು ಕಣಪ್ಪ."

"ಶಾಲೆ ರಿಜಿಸ್ಟರಲ್ಲಿ ಹೆಸರೈತಾ?"

ಲೆಗಿಯಾ ಮಗಳನ್ನು ತನ್ನ ಹಿಂದಕ್ಕೆ ಸರಿಸಿಕೊಂಡಳು.

"ಹೆಸರಿರೋ ಮಕ್ಕಳನ್ನ ನಾವು ಮುಟ್ಟಲ್ಲ. ಸರ್ಕಾರದ ಮಾತು. ಹೆಸರಿಲ್ಲದ್ದೆಲ್ಲ ನಮ್ದು." ಅವನು ಪಾಯಿನಿಯ ಕಡೆ ನೋಡಿದ. "ಹೆದ್ರಬೇಡ ಮರಿ. ನಮ್ಮಲ್ಲಿ ಕೈ ಅಳೆಯಲ್ಲ. ಬೆರಳಿದ್ರೆ ಸಾಕು."

ಲೆಗಿಯಾಗೆ ಮಗಳ ವಯಸ್ಸು ಚೆನ್ನಾಗಿ ಗೊತ್ತಿತ್ತು. ಇಸವಿ ಗೊತ್ತಿರಲಿಲ್ಲ, ತಿಂಗಳು ಗೊತ್ತಿರಲಿಲ್ಲ. ವಯಸ್ಸು ಗೊತ್ತಿತ್ತು. ಹುಡುಗಿ ಹುಟ್ಟಿದ್ದು ಮಂಗಳವಾರ ಪಾಹಿಂಗ್ ದಿನ. ಏಳು ದಿನದ ವಾರ ಒಂದು, ಐದು ದಿನದ ಸಂತೆಯ ವಾರ ಇನ್ನೊಂದು. ಮಂಗಳವಾರವೂ ಪಾಹಿಂಗ್ ಸಂತೆಯೂ ಒಂದೇ ದಿನ ಕೂಡಿಬರುವುದು ಮೂವತ್ತೈದು ದಿನಕ್ಕೊಮ್ಮೆ. ಆ ದಿನ ಕೂಸಿನ ಹೆಸರಲ್ಲಿ ಬೆಲ್ಲ ಹಾಕಿದ ಕೆಂಪು ಗಂಜಿ, ಬರೀ ಬಿಳಿ ಗಂಜಿ ಮಾಡಿ ಅಕ್ಕಪಕ್ಕದವರಿಗೆ ಹಂಚಬೇಕು. ಲೆಗಿಯಾ ಹಂಚಿದ ದಿನವೆಲ್ಲ ತೆಂಗಿನ ಚಿಪ್ಪಿಗೆ ಒಂದು ಕಲ್ಲು ಹಾಕುತ್ತಿದ್ದಳು. ಗಂಜಿಗೆ ಅಕ್ಕಿ ಇಲ್ಲದ ದಿನವೂ ಕಲ್ಲು ಹಾಕಿದ್ದಳು. ಡಚ್ಚರು ಮತ್ತೊಮ್ಮೆ ಬಂದು ಗುಂಡು ಹಾರಿಸಿದಾಗ, ಊರು ಬೆಟ್ಟಕ್ಕೆ ಓಡಿದಾಗ, ಒಂದು ಕಂಕುಳಲ್ಲಿ ಮಗಳು, ಒಂದು ಕಂಕುಳಲ್ಲಿ ಚಿಪ್ಪು.

ಕೈಯನ್ನು ನಂಬುವವರು ಕಲ್ಲನ್ನೂ ನಂಬಿಯಾರು ಎಂದು ಅವಳಿಗೆ ಅನ್ನಿಸಿತು. ಕಲ್ಲೂ ಸುಳ್ಳು ಹೇಳುವುದಿಲ್ಲ.

ಮರುದಿನ ಚಿಪ್ಪು ಹಿಡಿದು, ಮಗಳನ್ನು ಕರೆದುಕೊಂಡು ಶಾಲೆಗೆ ಹೋದಳು. ಪಾಠ ನಡೆಯುತ್ತಿತ್ತು. ಬಾಗಿಲಲ್ಲಿ ಕುಕ್ಕರಿಸಿ, ಹಾಗೇ ಕುಕ್ಕರುಗಾಲಲ್ಲೇ ಒಳಕ್ಕೆ ಸರಿದಳು. ಆ ಕೋಣೆಯೊಳಗೆ ಅವಳು ಬಂದದ್ದು ಅದೇ ಮೊದಲು. ಹತ್ತು ವರ್ಷದವಳಿದ್ದಾಗ ಅದರ ಪಾಯಕ್ಕೆ ಕಲ್ಲು ಹೊತ್ತಿದ್ದಳು. ಊರಿನ ಶಾಲೆ, ಊರೇ ಕಟ್ಟಿಕೊಳ್ಳಬೇಕು ಎಂದು ಡಚ್ಚರ ಅಪ್ಪಣೆಯಾಗಿತ್ತು. ಕಟ್ಟಿದ ಮೇಲೆ ಹೆಣ್ಣುಮಕ್ಕಳು ಬೇಡ ಎಂದರು. ಗಂಡುಮಕ್ಕಳಿಗೂ ಮೂರೇ ವರ್ಷ. ರಸೀದಿ ಓದಲು ಅಷ್ಟು ಸಾಕು, ಅರ್ಜಿ ಬರೆಯಲು ಸಾಲದು.

"ಏನದು?" ಎಂದರು ಪಾಕ್ ಗುರು.

ಲೆಗಿಯಾ ಹೇಳಿದಳು. ದೊಡ್ಡವರ ಮಾತು ಮಧ್ಯೆ ಮಧ್ಯೆ ಮುಗಿದುಹೋಗುತ್ತಿತ್ತು. ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಪಾಕ್ ಗುರು ಕೇಳಿ ಮುಗಿಸಿದರು. ಅವರ ಬಿಳಿ ಕೋಟಿನ ಗುಂಡಿಗಳು ಗಂಟಲವರೆಗೂ ಹಾಕಿದ್ದವು.

"ನೋಡ್ರಪ್ಪ," ಎಂದರು ಮಕ್ಕಳಿಗೆ, "ಇವತ್ತಿನ ಲೆಕ್ಕದ ಪಾಠ ಇವಳೇ ತಂದಿದ್ದಾಳೆ. ಯಾರು ಎಣಿಸ್ತೀರಿ?"

ಎರಡು ಹುಡುಗರು ಓಡಿ ಬಂದರು. ಮೇಜಿನ ಮೇಲೆ ಕಲ್ಲು ಸುರಿದರು. ಹತ್ತರ ಗುಂಪು ಮಾಡಿದರು. ಎಂಟು ಗುಂಪು, ಮೇಲೆ ನಾಲ್ಕು.

"ಎಂಬತ್ನಾಲ್ಕು. ಒಂದಕ್ಕೆ ಮೂವತ್ತೈದು ದಿನ. ಗುಣಿಸಿ. ಬಂದದ್ದನ್ನ ಮುನ್ನೂರ ಅರವತ್ತೈದರಿಂದ ಭಾಗಿಸಿ."

ಬಳಪ ಸ್ಲೇಟಿನ ಮೇಲೆ ಕಿರುಗುಟ್ಟಿತು. ಲೆಗಿಯಾ ಆ ಸದ್ದು ಕೇಳುತ್ತ ಕೂತಳು. ತನ್ನ ಎಂಟು ವರ್ಷವನ್ನು ಯಾರೋ ಮಕ್ಕಳು ಸ್ಲೇಟಿನ ಮೇಲೆ ಕೆರೆಯುತ್ತಿದ್ದರು. ಪಾಯಿನಿ ಕತ್ತು ಚಾಚಿ ಹತ್ತಿರದವನ ಸ್ಲೇಟು ನೋಡುತ್ತಿದ್ದಳು. ಅವಳ ತುಟಿ ಅಲ್ಲಾಡುತ್ತಿತ್ತು.

ಮೂರನೆಯ ಬೆಂಚಿನ ಹುಡುಗಿ ಎದ್ದು ನಿಂತಳು. "ಎರಡು ಸಾವಿರದ ಒಂಬೈನೂರ ನಲವತ್ತು ದಿನ, ಪಾಕ್ ಗುರು."

"ಅಂದ್ರೆ?"

"ಎಂಟು ವರ್ಷ. ಮೇಲೆ ಇಪ್ಪತ್ತು ದಿನ."

ನಗುತ್ತಿದ್ದವರು ನಿಲ್ಲಿಸಿದರು. ಎಲ್ಲರೂ ಪಾಯಿನಿಯನ್ನು ನೋಡಿದರು. ಆಮೇಲೆ ಪಾಕ್ ಗುರುಗಳನ್ನು ನೋಡಿದರು.

ಅವರು ಸ್ಲೇಟು ಇಸಿದುಕೊಂಡು ಮೇಲಿನಿಂದ ಕೆಳಗೆ ಓದಿದರು. "ಲೆಕ್ಕ ಸರಿಯಾಗಿದೆ," ಎಂದರು. ಸ್ಲೇಟು ವಾಪಸು ಕೊಟ್ಟರು. "ಆದ್ರೆ ಕಲ್ಲು ದಾಖಲೆ ಆಗಲ್ಲ. ಹೊಳೇಲಿ ಬೇಕಾದಷ್ಟು ಬಿದ್ದಿವೆ. ಯಾರು ಬೇಕಾದ್ರೂ ಎಂಬತ್ನಾಲ್ಕು ಆರಿಸ್ಕೊಂಡು ಬರಬಹುದು."

"ನಾನು ಆರಿಸಿದ್ದು ಎಂಟು ವರ್ಸ ಸ್ವಾಮಿ. ಒಂದೇ ದಿನ ಅಲ್ಲ."

"ನೋಡು ತಾಯಿ." ಅವರ ದನಿ ತಗ್ಗಿತು. "ಈ ಕೋಣೇನ ಡಚ್ಚರು ಕಟ್ಟಿಸಿದ್ದು ನಲವತ್ತು ಮಕ್ಕಳಿಗೆ. ಹೊರಗೆ ನೂರಿಪ್ಪತ್ತು ಬಂದು ಕೂತ್ಕೋತಾರೆ. ಸ್ವಾತಂತ್ರ್ಯ ಬಂತು ಅಂತ ಗೋಡೆ ಹಿಗ್ಗುತ್ತಾ? ಯಾರನ್ನ ಬಿಡಲಿ, ಯಾರನ್ನ ತಗೊಳ್ಳಲಿ? ನನಗೂ ಒಂದು ಅಳತೆ ಬೇಕು. ನಾನೂ ಗಾಡಿ ಹೊಡೆಯೋನ ಮಗ. ನಾನೂ ಕೈ ಎತ್ತೇ ಒಳಗೆ ಬಂದಿದ್ದು."

"ಗುಮಾಸ್ತರ ಮಗನಿಗೆ ಯಾವ ಅಳತೆ ಹಾಕಿದ್ರಿ?"

ಅವರ ಮುಖ ಬಿಗಿಯಿತು. "ಬಾಯಿ ಮುಚ್ಚು."

ಲೆಗಿಯಾ ಎದ್ದು ನಿಂತಳು. ಮಂಡಿ ಲಟಕ್ಕೆಂದಿತು. ಆ ಮನುಷ್ಯನಿಗಿಂತ ತಾನು ಎತ್ತರ ಎಂದು ಅವಳಿಗೆ ಆಗ ತಿಳಿಯಿತು.

"ಲೆಕ್ಕ ನಾನು ಮಾಡಿಲ್ಲ," ಎಂದಳು. "ನಿನ್ನ ಮಕ್ಕಳು ಮಾಡಿದ್ದು. ನೀನು ಕಲಿಸಿದ ಲೆಕ್ಕ. ನಿನ್ನ ಲೆಕ್ಕಾನೇ ನೀನು ನಂಬಲ್ವಾ?"

ನೀನು. ಇಡೀ ಕೋಣೆಗೆ ಕೇಳಿಸಿತು. ಮನೆಯ ಮಾತು. ಮಕ್ಕಳಿಗೆ, ಎತ್ತಿಗೆ ಆಡುವ ಮಾತು. ಒಬ್ಬ ಹುಡುಗ ಹೆದರಿ ತಲೆ ಬಗ್ಗಿಸಿದ.

ಪಾಕ್ ಗುರು ಕೂಗಾಡಲಿಲ್ಲ. ಅಡಿಕೋಲನ್ನು ಮೇಜಿನ ಮೇಲೆ ಅಡ್ಡಲಾಗಿ ಇಟ್ಟರು. ಕಲ್ಲುಗಳನ್ನು ಅಂಚಿನವರೆಗೆ ತಳ್ಳಿದರು. ಆಮೇಲೆ ಇನ್ನೊಂದು ಸಲ ತಳ್ಳಿದರು. ಎಂಬತ್ನಾಲ್ಕೂ ನೆಲಕ್ಕೆ ಬಿದ್ದು ಬೆಂಚುಗಳ ಕೆಳಗೆ ಹರಿದುಹೋದವು.

"ಆರಿಸ್ಕೊಂಡು ಹೊರಡು. ಪಾಠ ಇದೆ."

ಪಾಯಿನಿ ಬಗ್ಗಿದಳು. ಲೆಗಿಯಾ ಅವಳ ರಟ್ಟೆ ಹಿಡಿದು ಮೇಲೆತ್ತಿದಳು.

"ಆರಿಸಲ್ಲ."

"ಏನಂದೆ?"

"ಆರಿಸಲ್ಲ. ನಿನ್ನ ಮಕ್ಕಳ ಕಾಲಿಗೆ ಚುಚ್ಚಲಿ."

ಯಾರೋ ಓಡಿಹೋಗಿ ಊರ ಮುಖಂಡ ಲುರಾನನ್ನು ಕರೆತಂದರು. ಅವನು ಬರುವವರೆಗೂ ಲೆಗಿಯಾ ಅಲ್ಲೇ ನಿಂತಿದ್ದಳು. ಲುರಾ ಅವಳ ತೋಳು ಹಿಡಿದು ಅಂಗಳಕ್ಕೆ ಎಳೆದು ತಂದ. ಅಂಗಳದಲ್ಲಿ ಹತ್ತಾರು ಜನ ಇದ್ದರು. ಒಬ್ಬರೂ ಒಂದು ಮಾತು ಆಡಲಿಲ್ಲ. ಅವರಿಗೂ ಮಕ್ಕಳಿದ್ದರು. ಅವರ ಮಕ್ಕಳ ಕೈಯನ್ನೂ ಅಳೆಯುವುದಿತ್ತು.

ತುಕಿಯೆಮ್ ಸುದ್ದಿ ಕೇಳಿ ಹೊಳೆಯ ದಡದಲ್ಲಿ ಎದೆ ಹಿಡಿದುಕೊಂಡಳು. "ಮೇಷ್ಟ್ರಿಗೇ 'ನೀನು' ಅಂದ್ಯಂತೆ! ನಾಲಿಗೆ ಹೆಂಗೆ ಹೊರಳ್ತು? ಇನ್ನೊಂದ್ಸಲ ಹೇಳು, ನಾನೂ ಕೇಳ್ತೀನಿ." ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡಳು. "ಅಂದು ಏನು ಸಿಕ್ತಕ್ಕ? ಬಾಗಿಲು ಮುಚ್ಕೊಳ್ತು."

ಮೂರು ವಾರಕ್ಕೆ ಪಾಯಿನಿ ಷೆಡ್ಡಿಗೆ ಹೋದಳು.

ಬಿದಿರು, ಹುಲ್ಲಿನ ಷೆಡ್ಡು. ದೇವಸ್ಥಾನಕ್ಕಿಂತ ಎತ್ತರ. ಒಳಗೆ ಕತ್ತಲೆ, ಕಾವು. ಹಸಿ ಎಲೆಯ ತೊಟ್ಟಿಗೆ ದಬ್ಬಣ ಚುಚ್ಚಿ, ದಾರಕ್ಕೆ ಪೋಣಿಸಿ, ಕೋಲಿಗೆ ಕಟ್ಟಬೇಕು. ಎಲೆ ಹರಿದರೆ ಬೈಗುಳ. ಒಂದು ಕೋಲು ಮುಗಿದರೆ ಇನ್ನೊಂದು. ಎಲೆಯ ಅಂಟು ಕೈಗೆ ಮೆತ್ತಿ ಕಪ್ಪಗೆ ಗಟ್ಟಿಯಾಗುತ್ತಿತ್ತು. ಬೂದಿ ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಮೊದಲ ವಾರ ಪಾಯಿನಿ ದಿನಾ ವಾಂತಿ ಮಾಡಿದಳು. ಸೊಪ್ಪಿನ ನಂಜು ಚರ್ಮದಿಂದಲೇ ಇಳಿಯುತ್ತದೆ. ಹೊಸಬರಿಗೆಲ್ಲ ಹಾಗೇ ಎಂದ ಮೇಸ್ತ್ರಿ. ಎರಡನೆಯ ವಾರ ದಬ್ಬಣ ಹೆಬ್ಬೆರಳಿನ ಉಗುರಿನಡಿ ಹೊಕ್ಕಿತು. ಅಂಟು ಮೆತ್ತಿ ಅದೇ ಮುಚ್ಚಿಕೊಂಡಿತು.

ಸಂಜೆ ಊಟದ ಕೈ ಕಹಿ. ಲೆಗಿಯಾ ಮಗಳಿಗೆ ಕಲಸಿ ತುತ್ತು ಕೊಡುತ್ತಿದ್ದಳು.

"ಅಲ್ಲಿ ಏನು ಮಾತಾಡ್ಕೊತೀರಿ?"

"ಮಾತಾಡಂಗಿಲ್ಲ."

ಹುಡುಗಿ ಮನೆಯಲ್ಲೂ ಮಾತು ಕಡಿಮೆ ಮಾಡಿದಳು.

ಸೊಪ್ಪು ಕಿತ್ತು ಮುಗಿದರೂ ಒಣಗಿದ್ದನ್ನು ವಿಂಗಡಿಸುವ ಕೆಲಸ ಮುಗಿಯದೆ ವರ್ಷ ಕಳೆಯಿತು. ಪಾಯಿನಿಯ ಕೈಕಾಲು ಉದ್ದವಾದವು. ಮತ್ತೆ ಮಕ್ಕಳನ್ನು ಸೇರಿಸಿಕೊಳ್ಳುವ ದಿನ ಬಂತು. ಪಾಕ್ ಗುರುಗಳೇ ಲುರಾನ ಕೈಲಿ ಹೇಳಿ ಕಳಿಸಿದ್ದರು. ಮಧ್ಯಾಹ್ನವೂ ಒಂದು ತರಗತಿ ನಡೆಸಲು ಮೇಲಿನಿಂದ ಒಪ್ಪಿಗೆ ಬಂದಿದೆ, ಜಾಗ ಇದೆ, ಹುಡುಗಿಯನ್ನು ಕರೆದುಕೊಂಡು ಬರಲಿ, ನನಗೆ ಸಿಟ್ಟಿಲ್ಲ, ತಪ್ಪಾಯಿತು ಅಂತ ಒಂದು ಮಾತು ಅಂದರೆ ಸಾಕು.

ಲೆಗಿಯಾ ಎರಡು ದಿನ ಯೋಚಿಸಿದಳು. ಸೀರೆಯಂತೆ ಸುತ್ತುವ ಬಟ್ಟೆ ಒಂದೇ ಇತ್ತು. ಒಗೆದು ಒಣಗಿಸಿ ಸುತ್ತಿಕೊಂಡಳು. ಮಗಳ ಕೈಯನ್ನು ಬೂದಿ, ಸುಣ್ಣ, ತೆಂಗಿನ ನಾರು ಹಾಕಿ ಉಜ್ಜಿದಳು. ಚರ್ಮ ಕೆಂಪಾಯಿತು. ಕಪ್ಪು ಹೋಗಲಿಲ್ಲ.

ಅಂಗಳದಲ್ಲಿ ಸರದಿ ಬಂದಾಗ ಕುಕ್ಕರಿಸಿದಳು. ಅಂಗೈ ಜೋಡಿಸಿದಳು. ಎಲ್ಲರಿಗೂ ಕೇಳುವ ಹಾಗೆ, ದೊಡ್ಡವರ ಮಾತಿನಲ್ಲಿ ಹೇಳಿದಳು. "ಹೋದ ವರ್ಸ ತಮ್ಮ ಮುಂದೆ ಬಾಯಿ ಹಾರಿಸ್ಬುಟ್ಟೆ. ತಾವು ದೊಡ್ಡವರು. ತಪ್ಪಾಯ್ತು."

"ಆಯ್ತು ಆಯ್ತು. ಏಳು," ಎಂದರು ಪಾಕ್ ಗುರು. ನಿಜವಾಗಿಯೂ ಅವರಿಗೆ ಸಿಟ್ಟು ಉಳಿದಿರಲಿಲ್ಲ. ರಿಜಿಸ್ಟರು ತೆರೆದರು. ಲೇಖನಿ ಅದ್ದಿದರು. "ಈ ವರ್ಷ ತೊಂದರೆ ಇಲ್ಲ, ನೋಡಿದ್ರೇ ಗೊತ್ತಾಗುತ್ತೆ. ಎಲ್ಲಿ ಮಗಳೇ, ಕೈ ಎತ್ತು."

ಪಾಯಿನಿ ಎತ್ತಲಿಲ್ಲ.

"ಎತ್ತಮ್ಮ."

"ಎತ್ತಲ್ಲ."

ಪಾಕ್ ಗುರು ತಲೆ ಎತ್ತಿ ನೋಡಿದರು. ಲೆಗಿಯಾ ಮಗಳ ಕಡೆ ತಿರುಗಿದಳು. "ಎತ್ತೇ. ಮುಟ್ಟುತ್ತೆ ಕಣೇ ಈಗ."

"ಗೊತ್ತು ಮುಟ್ಟುತ್ತೆ."

"ಮತ್ತೆ?"

"ಹೋದ ವರ್ಸ ಲೆಕ್ಕ ಆಗಿತ್ತಲ್ಲವ್ವ. ಅದನ್ನ ಬರೀಲಿ. ಒಂಬತ್ತು ಅಂತ ನೀನು ಹೇಳು. ನೀನು ಹೇಳಿದ್ದನ್ನ ಬರೀಲಿ."

"ಹಂಗೆ ಬರಿಯಕ್ಕಾಗಲ್ಲ ಮಗು," ಎಂದರು ಪಾಕ್ ಗುರು. ರಿಜಿಸ್ಟರು ತಿರುಗಿಸಿ ತೋರಿಸಿದರು, ಅವಳಿಗೆ ಓದಲು ಬರುತ್ತದೇನೋ ಎಂಬ ಹಾಗೆ. "ಇಲ್ಲಿ ಎರಡೇ ಕಾಲಮ್ಮು. ಒಂದು ಕಾಗದ. ಒಂದು ಕೈ. ಅಮ್ಮ ಹೇಳಿದ್ದಕ್ಕೆ ಕಾಲಮ್ಮಿಲ್ಲ."

"ಹಂಗಾದ್ರೆ ಬೇಡ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಲೆಗಿಯಾಗೆ ಕಿವಿ ಕಾದವು. ಮಗಳ ಮಣಿಕಟ್ಟು ಹಿಡಿದಳು. ಕಲ್ಲು ಹಿಡಿಯುವ ಹಿಡಿ. "ಎತ್ತು ಅಂದ್ರೆ ಎತ್ತು. ಯಾವಳೇ ನೀನು? ನಿನಗೋಸ್ಕರ ಮೂಗು ಉಜ್ಜಿಲ್ವಾ ನಾನು?" ಎಳೆದಳು. ಕೈ ಸೊಂಟದಿಂದ ಎದೆಯವರೆಗೆ ಬಂತು. ಎದೆಯಿಂದ ಭುಜದವರೆಗೆ ಬಂತು. ಹುಡುಗಿ ಬಿಗಿಹಿಡಿದಿದ್ದಳು. ಷೆಡ್ಡಿನಲ್ಲಿ ಕೋಲು ಎತ್ತಿ ಎತ್ತಿ ಆ ಕೈಗೆ ಬಲ ಬಂದಿತ್ತು. ಆದರೂ ತಾಯಿಯ ಬಲ ಹೆಚ್ಚು. ಇನ್ನೊಂದು ಎಳೆತಕ್ಕೆ ಆ ಕೈ ನೆತ್ತಿ ದಾಟಿ, ಬೆರಳು ಕಿವಿಗೆ ಬೀಳುತ್ತಿತ್ತು. ಹೆಸರು ರಿಜಿಸ್ಟರಿಗೆ ಬೀಳುತ್ತಿತ್ತು.

ಪಾಯಿನಿ ಅಳಲಿಲ್ಲ. ತಾಯಿಯನ್ನೇ ನೋಡುತ್ತಿದ್ದಳು.

ಲೆಗಿಯಾ ತನ್ನ ಕೈ ನೋಡಿದಳು. ಉಗುರಿಲ್ಲದ ಎರಡು ಬೆರಳು ಮಗಳ ಕಪ್ಪು ಮಣಿಕಟ್ಟಿನಲ್ಲಿ ಹೂತಿದ್ದವು. ಆಚೆ ಮೇಜಿನ ಹಿಂದೆ ಪಾಕ್ ಗುರು ಲೇಖನಿ ಹಿಡಿದು ಕಾಯುತ್ತಿದ್ದರು. ಅವರು ಏನೂ ಮಾಡಬೇಕಾಗಿರಲಿಲ್ಲ. ಮಾಡಬೇಕಾದ್ದನ್ನೆಲ್ಲ ಅವಳೇ ಮಾಡುತ್ತಿದ್ದಳು.

ಹಿಡಿತ ಬಿಟ್ಟಳು.

"ಏನ್ ಮಾಡ್ಲಿ ಹೇಳು," ಎಂದರು ಪಾಕ್ ಗುರು. ಲೆಗಿಯಾಳನ್ನೇ ಕೇಳಿದರು, ನಿಜವಾಗಿಯೂ ತಿಳಿಯದವರ ಹಾಗೆ. ಲೇಖನಿಯ ಮಸಿ ಒಣಗಿತು. ಅವರು ಮತ್ತೆ ಅದ್ದಿದರು. "ಮುಂದಿನವರು."

ಗದ್ದೆಯ ಬದುವಿನ ಮೇಲೆ ಪಾಯಿನಿ ಮುಂದೆ ನಡೆದಳು. ಲೆಗಿಯಾ ಹಿಂದೆ.

"ಬೈತೀಯೇನವ್ವ?"

"ಇಲ್ಲ."

"ಹೊಡೀತೀಯಾ?"

"ಇಲ್ಲ ಕಣೆ."

ಬದು ಮುಗಿಯುವಲ್ಲಿ ದಾರಿ ಎರಡಾಗುತ್ತದೆ. ಒಂದು ಹೊಳೆಗೆ, ಒಂದು ಷೆಡ್ಡಿಗೆ. ಷೆಡ್ಡಿನ ಹತ್ತಿರ ತೂಗುಹಾಕಿದ ರೈಲುಕಂಬಿಯ ತುಂಡನ್ನು ಯಾರೋ ಬಡಿದರು. ಎರಡನೆಯ ಸಲ ಬಡಿಯುವುದರೊಳಗೆ ಒಳಗಿರಬೇಕು. ಹುಡುಗಿ ಓಡಿದಳು.

ಸರಿ ಮಾಡಿದೆ ಮಗಳೇ ಎನ್ನಬೇಕು ಅನ್ನಿಸಿತು ಲೆಗಿಯಾಗೆ. ಹಾಳು ಮಾಡಿಕೊಂಡೆಯಲ್ಲೇ ಎನ್ನಬೇಕು ಎಂದೂ ಅನ್ನಿಸಿತು. ಅಷ್ಟರಲ್ಲಿ ಪಾಯಿನಿ ಷೆಡ್ಡಿನ ಬಾಗಿಲು ತಲುಪಿದ್ದಳು. ಬಾಗಿಲಲ್ಲಿ ತೋಟದ ಕಾವಲಿನವರಿಬ್ಬರು ನಿಂತಿದ್ದರು. ಅವರು ಅವಳನ್ನು ಏನೂ ಕೇಳಲಿಲ್ಲ. ಪಕ್ಕಕ್ಕೆ ಸರಿದು ಒಳಗೆ ಬಿಟ್ಟರು.